ಪಿಂಕ್ ಸಾಲ್ಟ್‌ನ 84 ಖನಿಜಗಳೂ, ಮಂಡ್ಯದ ರಾಗಿ ಲಕ್ಷ್ಮಣಯ್ಯನವರೂ

ಈ ಮೆಸೇಜ್ ನಿಮಗೂ ಬಂದಿರಬಹುದು. ಬಿಳಿ ಉಪ್ಪು ವಿಷ, ಹಿಮಾಲಯದ ಪಿಂಕ್ ಸಾಲ್ಟ್‌ನಲ್ಲಿ 84 ಖನಿಜಗಳಿವೆ, ಮೂಳೆಗೆ ಕ್ಯಾಲ್ಸಿಯಂ, ರಕ್ತಕ್ಕೆ ಕಬ್ಬಿಣ, ಇವತ್ತೇ ಬದಲಾಯಿಸಿ, ಹತ್ತು ಜನರಿಗೆ ಕಳಿಸಿ. ಇದನ್ನು ನಮಗೆ ಕಳಿಸಿದವರು ಮದ್ದೂರು ತಾಲ್ಲೂಕಿನ ಭಾರತೀನಗರದ (ಕೆ.ಎಂ.ದೊಡ್ಡಿ ಎಂದರೆ ಹಳಬರಿಗೆ ಬೇಗ ಗೊತ್ತಾಗುತ್ತದೆ) ಓದುಗರೊಬ್ಬರು. ಮನೆಯಲ್ಲಿ ಸೊಸೆ ಬಸುರಿ, ಉಪ್ಪು ಬದಲಾಯಿಸಬೇಕೇ ಎಂಬುದು ಅವರ ಪ್ರಶ್ನೆ.

ಮೊದಲು ಲೆಕ್ಕ ನೋಡೋಣ. ಪಿಂಕ್ ಸಾಲ್ಟ್ ಬರುವುದು ಹೆಚ್ಚಾಗಿ ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನಮ್ಮ ಪುಡಿ ಉಪ್ಪಿನಲ್ಲಿರುವ ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ, ಅಂದರೆ ತುಕ್ಕಿನ ಜಾತಿಯದು. ಆಸ್ಟ್ರೇಲಿಯಾದಲ್ಲಿ 31 ಬಗೆಯ ಪಿಂಕ್ ಸಾಲ್ಟ್ ತಂದು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಬಿಳಿ ಉಪ್ಪಿಗಿಂತ ಪಿಂಕ್ ಸಾಲ್ಟ್‌ನಲ್ಲಿ ಖನಿಜ ಹೆಚ್ಚಿರುವುದು ನಿಜ. ಆದರೆ ಎಷ್ಟು? ಕಿಲೋಗೆ ಸರಾಸರಿ 2.7 ಗ್ರಾಂ ಕ್ಯಾಲ್ಸಿಯಂ. ನಾವು ದಿನಕ್ಕೆ ತಿನ್ನಬೇಕಾದ ಉಪ್ಪು ಹೆಚ್ಚೆಂದರೆ 5 ಗ್ರಾಂ, ಒಂದು ಟೀ ಚಮಚ. ಅದರಲ್ಲಿ ಸಿಗುವ ಕ್ಯಾಲ್ಸಿಯಂ ಸುಮಾರು 13 ಮಿಲಿಗ್ರಾಂ, ಕಬ್ಬಿಣ ಅರ್ಧ ಮಿಲಿಗ್ರಾಂ ಕೂಡ ಇಲ್ಲ.

ಈಗ ಪಕ್ಕದಲ್ಲಿರುವ ಮುದ್ದೆ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಅಷ್ಟೇ ಕ್ಯಾಲ್ಸಿಯಂ ಪಿಂಕ್ ಸಾಲ್ಟ್‌ನಿಂದ ಬೇಕೆಂದರೆ ದಿನಕ್ಕೆ 135 ಗ್ರಾಂ ಉಪ್ಪು ತಿನ್ನಬೇಕು. ತಿಂದವರು ಮೊದಲು ಆಸ್ಪತ್ರೆ ಸೇರುತ್ತಾರೆ. ಉಪ್ಸಾರು ಮುದ್ದೆ ಉಣ್ಣುವ ಸೀಮೆಯಲ್ಲಿ ಖನಿಜ ಇರುವುದು ಮುದ್ದೆಯಲ್ಲಿ, ಉಪ್ಪಿನಲ್ಲಲ್ಲ.

ಆ ಮುದ್ದೆ ವರ್ಷವಿಡೀ ತಟ್ಟೆಗೆ ಬರುವಂತೆ ಮಾಡಿದವರಲ್ಲಿ ಒಬ್ಬರು ಭಾರತೀನಗರದಿಂದ ತೀರಾ ದೂರವಿಲ್ಲದ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದವರು. ಅವರ ಕಥೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಸಿ.ಎಚ್. ಲಕ್ಷ್ಮಣಯ್ಯ ಹುಟ್ಟಿದ್ದು 1921ರಲ್ಲಿ, ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ. ಆಗ ಹಳೇ ಮೈಸೂರಿನ ಒಣಭೂಮಿಯಲ್ಲಿ ರಾಗಿ ಎಂದರೆ ಬದುಕು. ಮಳೆ ಕೈಕೊಟ್ಟರೆ ಕಣಜ ಖಾಲಿ, ಮನೆಯವರ ಹೊಟ್ಟೆಯೂ ಖಾಲಿ. ರಾಗಿ ತಳಿಗಳ ಕೆಲಸ ಅವರಿಗಿಂತ ಮೊದಲೇ ಶುರುವಾಗಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸುತ್ತಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1920ರಲ್ಲಿ ರಾಗಿ ಬೇಸಾಯದ ಮೇಲೆ ಒಂದು ಪುಸ್ತಿಕೆಯನ್ನೇ ಹೊರತಂದಿದ್ದರು. ಆದರೆ ಆ ಕಾಲದ ಕೆಲಸವೆಲ್ಲ ಹೆಚ್ಚಾಗಿ ಆರಿಸುವ ಕೆಲಸ: ಹೊಲದಲ್ಲಿ ಚೆನ್ನಾಗಿ ಬಂದ ತೆನೆಯನ್ನು ಆಯ್ದು ಅದರ ಬೀಜ ಬೆಳೆಸುವುದು. ಎರಡು ತಳಿಗಳನ್ನು ಕೂಡಿಸಿ ಮೂರನೆಯದನ್ನು ಮಾಡುವುದು ಬೇರೆಯೇ ಮಾತು.

ಅದು ಯಾಕೆ ಕಷ್ಟ ಎಂದು ಸ್ವಲ್ಪ ಹೇಳಬೇಕು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಗಂಡು ಹೆಣ್ಣು ಎರಡೂ ಅದರೊಳಗೇ ಇರುವುದರಿಂದ ಪರಾಗ ಹೊರಗಿನಿಂದ ಬರುವ ಮೊದಲೇ ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಪರಾಗಕ್ಕೆ ಜೀವ ಇರುವುದು ಕೆಲವೇ ನಿಮಿಷ. ಇಷ್ಟೆಲ್ಲ ದಾಟಿ ಒಂದು ತೆನೆಯಲ್ಲಿ ನಾಲ್ಕಾರು ಕಾಳು ನಿಜವಾಗಿ ಕೂಡಿದರೂ, ಯಾವುವು ಎಂದು ತಿಳಿಯಲು ಮುಂದಿನ ಹಂಗಾಮಿನಲ್ಲಿ ಬಿತ್ತಿ ನೋಡಬೇಕು. ಆಮೇಲೆ ಗುಣ ನಿಲ್ಲಲು ಆರೇಳು ತಲೆಮಾರು. ಜೋಳ, ಸಜ್ಜೆಯ ಹಾಗೆ ಹೈಬ್ರಿಡ್ ಬೀಜ ಮಾಡುವ ಸುಲಭದ ದಾರಿ ರಾಗಿಯಲ್ಲಿ ಇರಲಿಲ್ಲ.

ಲಕ್ಷ್ಮಣಯ್ಯನವರು ಹಿಡಿದದ್ದು ಈ ಕಷ್ಟದ ದಾರಿಯನ್ನೇ. 1950 ಮತ್ತು 60ರ ದಶಕಗಳಲ್ಲಿ ಅವರ ಕೈಯಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಬಂದವು. ಬರೀ ನಂಬರ್ ಕೊಡದೆ ಮನೆಮಗಳಿಗೆ ಇಡುವಂಥ ಹೆಸರು ಇಟ್ಟದ್ದು ನಮಗೆ ಬಹಳ ಇಷ್ಟ.

ದೊಡ್ಡ ಹೆಜ್ಜೆ ಆಮೇಲಿನದು. ರಾಗಿಯ ತವರು ನಮ್ಮದಲ್ಲ, ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದಾಯಿತು. ಆಫ್ರಿಕಾದ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ, ಆದರೆ ಬಲಿಯುವುದು ನಿಧಾನ. ನಮ್ಮ ರಾಗಿ ಬೇಗ ಬಲಿಯುತ್ತದೆ, ಹೆಚ್ಚು ತೆಂಡೆ ಹೊಡೆಯುತ್ತದೆ. ಬೇರೆಯಾಗಿದ್ದ ಈ ಎರಡು ದಾಯಾದಿಗಳನ್ನು ಲಕ್ಷ್ಮಣಯ್ಯ ಮತ್ತೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಹೆಸರಾಯಿತು: ಇಂಡಾಫ್. ಇಂಡಾಫ್-5, 7, 8, 9 ಎಂದು ಸಾಲು ಬೆಳೆಯಿತು. ಮುಂಗಾರಿಗೆ ದೀರ್ಘಾವಧಿಯದು, ತಡವಾಗಿ ಬಿತ್ತುವವರಿಗೆ ಬೇರೆ, ನೀರಿದ್ದವರಿಗೆ ಬೇಸಿಗೆಗೆ ಅಲ್ಪಾವಧಿಯದು. ಹಳೇ ಮೈಸೂರಿನ ಹಿರಿಯ ರೈತರಿಗೆ ಇಂಡಾಫ್ ಎಂದರೆ ಇವತ್ತಿಗೂ ಗೊತ್ತು.

ರಾಜ್ಯದಲ್ಲಿ ಎಕರೆಗೆ ಸಿಗುವ ರಾಗಿ ಆ ದಶಕಗಳಲ್ಲಿ ಗಣನೀಯವಾಗಿ ಏರಿತು. ಗೊಬ್ಬರ, ನೀರಿನ ಪಾಲೂ ಅದರಲ್ಲಿದೆ, ಎಲ್ಲವನ್ನೂ ಒಬ್ಬರ ಲೆಕ್ಕಕ್ಕೆ ಹಾಕುವುದು ತಪ್ಪು. ಆದರೂ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದರು, ರಾಗಿ ಬ್ರಹ್ಮ ಎಂದರು. 1993ರಲ್ಲಿ ತೀರಿಕೊಂಡರು.

ಅವರ ತಳಿಗಳಿಗೂ ಕೊರತೆ ಇತ್ತು. ಇಂಡಾಫ್ ಸಾಲಿನ ಕೆಲವು ತಳಿಗಳು ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತಿದ್ದವು. ಮುಂದೆ ರೋಗ ತಡೆಯುವ ಜಿಪಿಯು-28 ಬಂದ ಮೇಲೆ ರೈತರು ಅತ್ತ ತಿರುಗಿದರು. ವಿ.ಸಿ. ಫಾರಂನಿಂದ ಈಗಲೂ ಕೆಎಂಆರ್ ಸಾಲಿನ ತಳಿಗಳು ಬರುತ್ತಿವೆ, ಅದರಲ್ಲಿ ಕೆಎಂಆರ್-340 ಬಿಳಿ ರಾಗಿ. ಬಿಳಿಯದೆಲ್ಲ ವಿಷ ಎನ್ನುವವರು ಇದನ್ನು ಗಮನಿಸಬೇಕು!

ರಾಗಿಯಲ್ಲಿರುವ ಅಷ್ಟೂ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಅದರಲ್ಲಿರುವ ಫೈಟೇಟ್ ಸ್ವಲ್ಪ ತಡೆ ಹಾಕುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ತಡೆ ಕಡಿಮೆ. ಬಾಣಂತಿಗೆ, ಮಗುವಿಗೆ ಮೊಳಕೆ ರಾಗಿಯ ಗಂಜಿ ಕೊಡುವ ಅಜ್ಜಿಯರ ಲೆಕ್ಕ ಇಲ್ಲಿ ಸರಿಯಾಗಿಯೇ ಇದೆ.

ಆದರೆ ಲಕ್ಷ್ಮಣಯ್ಯನವರ ರಾಗಿಯೂ ಕೊಡಲಾಗದ ಒಂದು ಖನಿಜವಿದೆ, ಅಯೋಡಿನ್. ಕಾಳುಗಳಲ್ಲಿ ಅದು ತೀರಾ ಕಡಿಮೆ, ಪಿಂಕ್ ಸಾಲ್ಟ್‌ನಲ್ಲೂ ಇಲ್ಲವೆನ್ನುವಷ್ಟೇ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಗೆ ಇನ್ನೂ ಹೆಚ್ಚು. ಕಡಿಮೆಯಾದರೆ ಥೈರಾಯ್ಡ್ ಗ್ರಂಥಿ ಸೊರಗುತ್ತದೆ, ಹೊಟ್ಟೆಯಲ್ಲಿರುವ ಕೂಸಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಆಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ. ಅಯೋಡಿನ್ ಬೆರೆಸಿದ ಮಾಮೂಲಿ ಉಪ್ಪಿನಲ್ಲಿ, ಅಂಗಡಿಯಲ್ಲಿ ಕೊಳ್ಳುವಾಗ, 10 ಲಕ್ಷಕ್ಕೆ ಕನಿಷ್ಠ 15 ಭಾಗ ಇರಬೇಕೆಂಬುದು ನಿಯಮ. ಅಂದರೆ 5 ಗ್ರಾಂ ಉಪ್ಪಿನಲ್ಲಿ ಕನಿಷ್ಠ 75 ಮೈಕ್ರೋಗ್ರಾಂ. ಉಳಿದದ್ದು ಹಾಲು, ಮೊಟ್ಟೆ, ಮೀನಿನಿಂದ ಬರಬೇಕು.

ಭಾರತೀನಗರದ ಓದುಗರಿಗೆ ನಾವು ಕಳಿಸಿದ ಉತ್ತರ ಇಷ್ಟು: ಸೊಸೆಗೆ ಅಯೋಡಿನ್ ಉಪ್ಪನ್ನೇ ಹಾಕಿ, ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ಇದೆಯೇ ನೋಡಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಇಡಬೇಡಿ. ಆಕೆಗೆ ಬಿ.ಪಿ. ಅಥವಾ ಥೈರಾಯ್ಡ್ ತೊಂದರೆ ಇದ್ದರೆ ಉಪ್ಪು ಎಷ್ಟಿರಬೇಕೆಂದು ಡಾಕ್ಟರನ್ನು ಕೇಳಿ. ಆಗಲೇ ಕೊಂಡಿರುವ ಪಿಂಕ್ ಸಾಲ್ಟ್ ಎಸೆಯಬೇಕಾಗಿಲ್ಲ, ಮಜ್ಜಿಗೆಗೆ ಒಂದು ಚಿಟಿಕೆ ಹಾಕಿಕೊಳ್ಳಬಹುದು. ಅವರು ತಿರುಗಿ ಕೇಳಿದ್ದು ಒಂದೇ, ಹುರಿಹಿಟ್ಟಿಗೆ ರಾಗಿಯನ್ನು ಎಷ್ಟು ಹೊತ್ತು ನೆನೆಹಾಕಬೇಕು ಎಂದು. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಬಿಡಿ ಎಂದೆವು.