ಕನ್ನಡದಲ್ಲಿ ವಿಶ್ವಾಸವನ್ನು ಸಮರ್ಥಿಸಿದ ಗುರು: ಫಾದರ್ ಲಿಯೊನಾರ್ಡೊ ಚಿನ್ನಮಿ

ಕೃಷ್ಣಾ ಘಟಪ್ರಭಾ ನದಿಗಳ ಸೀಮೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ನಾವು ಕಥೋಲಿಕರು ಅಲ್ಪಸಂಖ್ಯೆಯವರು. ಮಗ್ಗದ ಬಳಿಯಲ್ಲೋ ಸಂತೆಯಲ್ಲೋ ನೆರೆಯವರು ನಮ್ಮ ಧರ್ಮವು ಹೊರನಾಡಿನದಲ್ಲವೇ ಎಂದು ಸಹಜವಾಗಿ ಕೇಳುವುದುಂಟು. ಆಗ ನಮ್ಮಲ್ಲಿ ಅನೇಕರು ಮೌನ ತಾಳುತ್ತೇವೆ. ಇದೇ ಪ್ರಶ್ನೆಯನ್ನು ಮೂರೂವರೆ ಶತಮಾನಗಳ ಹಿಂದೆ ಇಲ್ಲಿಂದ ಬಹುದೂರ ತೆಂಕಣ ಕನ್ನಡ ನಾಡಿನಲ್ಲಿ ಎದುರಿಸಿದ ಒಬ್ಬ ಗುರುವರ್ಯರನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ವಂದನೀಯ ಲಿಯೊನಾರ್ಡೊ ಚಿನ್ನಮಿಯವರು 1609ರಲ್ಲಿ ಇಟಲಿಯಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿ, ಗೋವೆಗೆ ಬಂದು, 1648-49ರ ಸುಮಾರಿಗೆ ಮೈಸೂರು ಅರಸರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ ಧರ್ಮಪ್ರಚಾರವನ್ನು ಆರಂಭಿಸಿದರು. ಅದು ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲ. ಮೈಸೂರು ಮಿಷನ್ನಿನ ಸ್ಥಾಪಕರೆಂಬ ಕೀರ್ತಿ ಇವರದು.

ಅಂದಿನ ಜನರಿಗೆ ಕ್ರೈಸ್ತನೆಂದರೆ ಪರಂಗಿ. ಕ್ರಿಸ್ತನನ್ನು ನಂಬುವುದೆಂದರೆ ಪೋರ್ಚುಗೀಸರ ಉಡುಗೆ ಊಟಗಳನ್ನು ಸ್ವೀಕರಿಸಿ ತಮ್ಮವರಿಂದ ದೂರವಾಗುವುದು ಎಂಬ ಭಾವನೆ ಬೇರೂರಿತ್ತು. ಈ ತೊಡಕನ್ನು ಮಧುರೆಯಲ್ಲಿ 1606ರಿಂದ ದುಡಿದ ಫಾದರ್ ರಾಬರ್ಟ್ ಡಿ ನೊಬಿಲಿಯವರು ಮೊದಲೇ ಕಂಡುಕೊಂಡು, ಸನ್ಯಾಸಿಯ ಬಾಳನ್ನು ಆರಿಸಿಕೊಂಡಿದ್ದರು. 1623ರಲ್ಲಿ ಜಗದ್ಗುರು 15ನೆಯ ಗ್ರೆಗೊರಿಯವರು ಆ ಮಾರ್ಗಕ್ಕೆ ಸಮ್ಮತಿಯಿತ್ತಿದ್ದರು. ಚಿನ್ನಮಿಯವರೂ ಅದೇ ದಾರಿಯಲ್ಲಿ ನಡೆದು ಸನ್ಯಾಸಿಯ ವೇಷವನ್ನೂ ಸರಳ ಜೀವನವನ್ನೂ ಕೈಗೊಂಡರು.

ಆದರೆ ವೇಷವೊಂದೇ ಉತ್ತರವಾಗದು. ಕೇಳುವವನ ಬುದ್ಧಿಗೆ ಒಪ್ಪುವಂತೆ, ಅವನದೇ ನುಡಿಯಲ್ಲಿ ಹೇಳಬೇಕು. ಆದುದರಿಂದ ಅವರು ಕನ್ನಡವನ್ನು ಶ್ರದ್ಧೆಯಿಂದ ಕಲಿತು ಅದರ ವ್ಯಾಕರಣವನ್ನೂ ಶಬ್ದಕೋಶವನ್ನೂ ರಚಿಸಿದರು. ಧರ್ಮೋಪದೇಶದ ಗ್ರಂಥ, ಸಂತರ ಚರಿತ್ರೆ ಹಾಗೂ ಕ್ರೈಸ್ತ ವಿಶ್ವಾಸವನ್ನು ಸಮರ್ಥಿಸುವ ಗ್ರಂಥಗಳನ್ನು ಕನ್ನಡದಲ್ಲಿ ಬರೆದರು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಚಿನ್ನಮಿಯವರ ದುಡಿಮೆ ಅದಕ್ಕಿಂತ ಒಂದೂವರೆ ಶತಮಾನ ಹಿಂದಿನದೆಂಬುದನ್ನು ನೆನೆದರೆ ಅದರ ಬೆಲೆ ಅರಿವಾಗುತ್ತದೆ.

ಅವರ ಕಾಲದ ಇಂಥ ಬರಹಗಳಲ್ಲಿ ಅನ್ಯಮತ ಖಂಡನೆಯೂ ಸೇರಿರುತ್ತಿತ್ತು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಎರಡನೆಯ ವತಿಕಾನ್ ಮಹಾಸಭೆಯು 1965ರಲ್ಲಿ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವಿಸುವಂತೆ ನಮಗೆ ಬೋಧಿಸಿದೆ. ವಿಶ್ವಾಸದ ಸಮರ್ಥನೆಯೆಂದರೆ ನೆರೆಯವನನ್ನು ಸೋಲಿಸುವುದಲ್ಲ. ನಮ್ಮ ನಂಬಿಕೆಗೆ ಕಾರಣವನ್ನು ವಿನಯದಿಂದ ತಿಳಿಸುವುದು. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಆದಿ ಕ್ರೈಸ್ತರಿಗೆ ಇತ್ತ ಬುದ್ಧಿವಾದವೂ ಇದೇ.

1676ರಲ್ಲಿ ಚಿನ್ನಮಿಯವರು ಪ್ರಭುವಿನಲ್ಲಿ ನಿದ್ರೆಹೋದರು. ಅವರು ಬಿತ್ತಿದ ಬೀಜ ಒಣಗಲಿಲ್ಲ. ಇಂದು ನಾವು ದೇವರನ್ನು ಸರ್ವೇಶ್ವರನೆಂದು ಕರೆದು ನಮ್ಮ ತಾಯ್ನುಡಿಯಲ್ಲಿಯೇ ಬಲಿಪೂಜೆಯನ್ನು ಅರ್ಪಿಸುತ್ತಿದ್ದೇವೆ. ಕ್ರಿಸ್ತನು ಕನ್ನಡಿಗರಿಗೆ ಪರಕೀಯನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಕವಿಚಕ್ರವರ್ತಿ ರನ್ನನ ಹುಟ್ಟೂರಾದ ಮುಧೋಳವಿರುವ ಈ ಸೀಮೆಯಲ್ಲಿ ಬಾಳುವ ನಮಗೆ ಕನ್ನಡದ ಬಡತನವಿಲ್ಲ. ಬಡತನವಿರುವುದು ನಮ್ಮ ಧರ್ಮಜ್ಞಾನದಲ್ಲಿ. ದೂರದೇಶದವರೊಬ್ಬರು ನಮ್ಮ ನುಡಿಯನ್ನು ಕಲಿತು ಕೊಟ್ಟ ಉತ್ತರವನ್ನು, ಆ ನುಡಿಯಲ್ಲೇ ಹುಟ್ಟಿದ ನಾವು ಕೊಡಲಾರೆವೇ? ಧರ್ಮೋಪದೇಶವನ್ನು ಮನೆಮನೆಯಲ್ಲಿ ಓದಿ, ಮಕ್ಕಳ ಪ್ರಶ್ನೆಗಳನ್ನು ಗದರಿಸದೆ ಆಲಿಸಿ, ನೆರೆಯವರಿಗೆ ಪ್ರೀತಿಯಿಂದ ಉತ್ತರಿಸೋಣ. ಶತಮಾನೋತ್ಸವದ ದೀಪಗಳು ಆರಿದ ಮೇಲೂ ಈ ಬೆಳಕು ನಮ್ಮಲ್ಲಿ ಉಳಿಯುವಂತೆ ಸರ್ವೇಶ್ವರನು ಅನುಗ್ರಹಿಸಲಿ.