ಧೂಮಕೇತುವಲ್ಲ ಎಂದು ಬರೆದಿಟ್ಟವರು: ಚಾರ್ಲ್ಸ್ ಮೆಸ್ಸಿಯೆ

ಬೋಧನಾಭ್ಯಾಸದಲ್ಲಿ 9ನೇ ತರಗತಿಗೆ ಗೆಲಾಕ್ಸಿಗಳನ್ನು ಪರಿಚಯಿಸಲು ನಾನು ಚಾರ್ಲ್ಸ್ ಮೆಸ್ಸಿಯೆ ಅವರ ಜೀವನವನ್ನು ಆರಿಸಿಕೊಂಡೆ. ಅವರು ಬದುಕಿಡೀ ಹುಡುಕಿದ್ದು ಧೂಮಕೇತುಗಳನ್ನು. ಆದರೆ ಅವರ ಹೆಸರು ಉಳಿದದ್ದು ಧೂಮಕೇತುಗಳಲ್ಲದ ಕಾಯಗಳ ಪಟ್ಟಿಯಿಂದ.

ಮೆಸ್ಸಿಯೆ ಜನಿಸಿದ್ದು 1730ರ ಜೂನ್ 26ರಂದು, ಇಂದಿನ ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹತ್ತನೆಯವರು. ಬಾಲ್ಯದಲ್ಲೇ ತಂದೆ ತೀರಿಕೊಂಡರು. 1744ರಲ್ಲಿ ಹಲವು ಬಾಲಗಳ ದೊಡ್ಡ ಧೂಮಕೇತುವೊಂದು ಆಕಾಶದಲ್ಲಿ ಕಾಣಿಸಿಕೊಂಡಿತು. ಬಾಲಕನ ಮನಸ್ಸು ಅತ್ತ ತಿರುಗಿತು. 1751ರಲ್ಲಿ ಪ್ಯಾರಿಸ್ಸಿಗೆ ಹೋಗಿ ಖಗೋಳಜ್ಞ ದೆಲಿಲ್ ಅವರ ಬಳಿ ಕೆಲಸಕ್ಕೆ ಸೇರಿದರು. ಕೆಲಸ ಸಿಕ್ಕಿದ್ದು ದುಂಡಾದ ಕೈಬರಹದಿಂದ ಎಂದಾಗ ಮಕ್ಕಳು ತಮ್ಮ ನೋಟ್‌ಪುಸ್ತಕದ ಕಡೆ ನೋಡಿಕೊಂಡರು.

1758ರಲ್ಲಿ ಒಂದು ಧೂಮಕೇತುವನ್ನು ಅನುಸರಿಸುವಾಗ ವೃಷಭ ರಾಶಿಯಲ್ಲಿ ಮಸುಕಾದ ಮಚ್ಚೆಯೊಂದು ಅವರಿಗೆ ಕಂಡಿತು. ಧೂಮಕೇತು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುತ್ತದೆ, ಇದು ಕದಲಲಿಲ್ಲ. ಇಂಥವು ಮತ್ತೆ ಮತ್ತೆ ದಾರಿ ತಪ್ಪಿಸದಂತೆ ಒಂದೊಂದನ್ನೂ ಸ್ಥಾನಸಹಿತ ಬರೆದಿಡತೊಡಗಿದರು. 1781ರ ಮಾರ್ಚ್ 18ರ ಒಂದೇ ರಾತ್ರಿ ಕನ್ಯಾ ರಾಶಿಯ ಆಸುಪಾಸಿನಲ್ಲಿ ಎಂಟು ಮಚ್ಚೆಗಳನ್ನು ದಾಖಲಿಸಿದರು. ಅವುಗಳಲ್ಲೊಂದು ಎಂ-90. ಆ ಭಾಗದಲ್ಲಿ ಮಚ್ಚೆಗಳು ಒತ್ತಾಗಿರುವುದನ್ನೂ ಗುರುತು ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಮಂಜುಗಡ್ಡೆ ಸಂಗ್ರಹಿಸುವ ನೆಲಮಾಳಿಗೆಗೆ ಬಿದ್ದು ಮೂಳೆ ಮುರಿದು, ಸುಮಾರು ಒಂದು ವರ್ಷ ವೀಕ್ಷಣೆ ನಿಂತಿತು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಸಂಬಳವೂ ನಿಂತಿತು. ಆದರೂ ಆಕಾಶ ನೋಡುವುದನ್ನು ಬಿಡಲಿಲ್ಲ. 1817ರಲ್ಲಿ ತೀರಿಕೊಂಡಾಗ, ಆ ಎಂಟೂ ಮಚ್ಚೆಗಳು ನಮ್ಮ ಆಕಾಶಗಂಗೆಯಂಥವೇ ಬೇರೆ ಗೆಲಾಕ್ಸಿಗಳು ಎಂಬುದು ಅವರಿಗೆ ತಿಳಿದಿರಲಿಲ್ಲ.

ಎಂ-90 ಒಂದು ಸುರುಳಿ ಗೆಲಾಕ್ಸಿ. ನಮ್ಮಿಂದ ಐದು ಕೋಟಿ ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿದೆ. ಅದು ಕನ್ಯಾ ಗುಚ್ಛದೊಳಗೆ ಧಾವಿಸುತ್ತಿದೆ. ಗುಚ್ಛದ ಗೆಲಾಕ್ಸಿಗಳ ನಡುವಿನ ಜಾಗ ಬರಿದಾಗಿಲ್ಲ. ಕೋಟ್ಯಂತರ ಡಿಗ್ರಿ ಬಿಸಿಯ, ಅತಿ ತೆಳುವಾದ ಅನಿಲ ಅಲ್ಲಿ ತುಂಬಿದೆ. ಗಾಳಿ ಬೀಸದ ದಿನವೂ ಸೈಕಲ್ಲನ್ನು ಜೋರಾಗಿ ತುಳಿದರೆ ಮುಖಕ್ಕೆ ಗಾಳಿ ಬಡಿಯುವುದಿಲ್ಲವೇ? ಹಾಗೆಯೇ ಈ ಅನಿಲ ಗೆಲಾಕ್ಸಿಗೆ ಎದುರುಗಾಳಿಯಾಗುತ್ತದೆ. ನಕ್ಷತ್ರಗಳು ಒತ್ತಾದ ಕಾಯಗಳು, ಅವು ಕದಲುವುದಿಲ್ಲ. ಅವುಗಳ ನಡುವೆ ಹರಡಿರುವ ಅನಿಲ ಮಾತ್ರ ಹಿಂದಕ್ಕೆ ಹಾರಿಹೋಗುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ಒಂದು ವ್ಯತ್ಯಾಸವನ್ನು ಮಾತ್ರ ಒತ್ತಿ ಹೇಳಿದೆ: ಕಣದಲ್ಲಿ ಹಾರುವುದು ಹೊಟ್ಟು, ಇಲ್ಲಿ ಹಾರುವುದು ಬಿತ್ತನೆಯ ಬೀಜ. ಏಕೆಂದರೆ ಹೊಸ ನಕ್ಷತ್ರ ಹುಟ್ಟುವುದು ಅನಿಲದಿಂದಲೇ. ಎಂ-90ರ ಹೊರಭಾಗದಲ್ಲಿ ನಕ್ಷತ್ರಗಳ ಹುಟ್ಟು ಬಹುಮಟ್ಟಿಗೆ ನಿಂತಿದೆ. ಹಳೆಯ ನಕ್ಷತ್ರಗಳು ಬೆಳಗುತ್ತಲೇ ಇವೆ. ಮುಂದಿನ ತಲೆಮಾರು ಇಲ್ಲ.

2016ರಲ್ಲಿ ಹವಾಯಿಯ ದೂರದರ್ಶಕದಿಂದ ಪಡೆದ ಚಿತ್ರಗಳಲ್ಲಿ, ಹೀಗೆ ಕಳಚಿಹೋದ ಅನಿಲ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಉದ್ದಕ್ಕೆ ಚಾಚಿಕೊಂಡಿರುವುದು ಪ್ರಕಟವಾಯಿತು. ಧೂಮಕೇತುವಲ್ಲ ಎಂದು ಮೆಸ್ಸಿಯೆ ಬದಿಗಿಟ್ಟ ಮಚ್ಚೆಗೂ ಒಂದು ಬಾಲವಿತ್ತು! ಅವರ ಸಣ್ಣ ದೂರದರ್ಶಕಕ್ಕೆ ಅದು ಕಾಣುವಂತಿರಲಿಲ್ಲ. ಆದರೂ ತಮಗೆ ಬೇಡವಾದದ್ದನ್ನು ಅವರು ಅಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದರಿಂದಲೇ ಅದಕ್ಕೆ ಇಂದಿಗೂ ಅವರ ಪಟ್ಟಿಯ ಸಂಖ್ಯೆಯೇ ಹೆಸರಾಗಿದೆ. ಪ್ರಯೋಗದಲ್ಲಿ ನಿರೀಕ್ಷಿಸಿದ ಉತ್ತರ ಬಾರದಾಗ ಪುಟ ಹರಿಯುವ ವಿದ್ಯಾರ್ಥಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಜೀವನಚರಿತ್ರೆ ಸಿಕ್ಕಿಲ್ಲ.