ಗಾಜಿನೊಳಗೆ ಕಡಲು ತಂದ ಗಾಸ್

ಅಕ್ವೇರಿಯಂ ಅಂದ್ರೆ ನಮಗೆ ನೆನಪಾಗೋದು ಗಾಜಿನ ಪೆಟ್ಟಿಗೆ, ಗುಳ್ಳೆ ಬಿಡುವ ಪಂಪು, ನಾಲ್ಕು ಬಣ್ಣದ ಮೀನು. ಈ ಪದವನ್ನು ಮನೆಮಾತಾಗಿಸಿದ ಫಿಲಿಪ್ ಹೆನ್ರಿ ಗಾಸ್ ಹತ್ತಿರ ಪಂಪೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಡಿಗ್ರಿಯಂತೂ ಇಲ್ಲವೇ ಇಲ್ಲ.

ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವುಸ್ಟರ್‌ನಲ್ಲಿ. ಅಪ್ಪ ಊರೂರು ಅಲೆದು ಪುಟ್ಟ ಭಾವಚಿತ್ರ ಬರೆಯುತ್ತಿದ್ದ ಕಲಾವಿದ. 17ರ ಹರೆಯಕ್ಕೇ ಗಾಸ್ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗುಮಾಸ್ತನಾದ. 1832ರಲ್ಲಿ ಅಲ್ಲಿ ಕೊಂಡ ಸೂಕ್ಷ್ಮದರ್ಶಕದ ಹಳೇ ಪುಸ್ತಕವೊಂದು ಅವನಿಗೆ ಜೀವವಿಜ್ಞಾನದ ಹುಚ್ಚು ಹಿಡಿಸಿತು. ಆಮೇಲೆ ಕೆನಡಾದಲ್ಲಿ ಬೇಸಾಯ, ಅಲಬಾಮಾದಲ್ಲಿ ಮೇಷ್ಟ್ರಗಿರಿ, ಜಮೈಕಾದಲ್ಲಿ ಹಕ್ಕಿಗಳ ಅಧ್ಯಯನ.

1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕಡಲತೀರಕ್ಕೆ ಬಂದ. ಸಮುದ್ರದ ಜೀವಿಗಳನ್ನು ಜಾಡಿಯಲ್ಲಿ ಇಟ್ಟರೆ ನೀರು ಬೇಗ ಕೆಡುತ್ತಿತ್ತು. ಪ್ರಾಣಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ಬಳಸಿ, ಬೆಳಕಿನಲ್ಲಿ ಆಮ್ಲಜನಕ ಕೊಡುತ್ತದೆ. ಎರಡನ್ನೂ ತೂಗಿಸಿದರೆ ನೀರು ಉಳಿಯುತ್ತದೆ. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನಲ್ಲಿ ತೋರಿಸಿದ್ದ ಈ ಸಮತೋಲನವನ್ನು ಗಾಸ್ ಉಪ್ಪುನೀರಿನಲ್ಲಿ ಸಾಧಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಮೀನುಮನೆಗೆ ಜೀವಿಗಳನ್ನು ಹಿಡಿದು ಕಳಿಸಿದ. ಸಮುದ್ರ ದೂರವಿದ್ದವರಿಗಾಗಿ ನಾಲ್ಕು ಲವಣ ಬೆರೆಸಿ ಕೃತಕ ಕಡಲನೀರನ್ನೂ ಮಾಡಿದ. ಅದರಲ್ಲಿ ಮೊದಲು ಪಾಚಿ ಬಿಟ್ಟು, ಕೆಲ ದಿನ ಕಾದು, ಆಮೇಲಷ್ಟೇ ಪ್ರಾಣಿ.

ಈ ಕಾಯುವಿಕೆಯೇ ಇವತ್ತಿಗೂ ಪಾಠ. ಹವಳದ ಟ್ಯಾಂಕ್ ಇಡುವವರು ಮೊದಲು ಕೋಪಿಪಾಡ್ ಎಂಬ ಒಂದೆರಡು ಮಿಲಿಮೀಟರ್ ಉದ್ದದ ಸೀಗಡಿ ಕುಲದ ಜೀವಿಗಳನ್ನು ಬಿಡುತ್ತಾರೆ. ಮೀನು ನುಗ್ಗಲಾಗದ ಪಾಚಿ ತುಂಬಿದ ಪಕ್ಕದ ತೊಟ್ಟಿಯಲ್ಲಿ ಅವು ತಿಂಗಳುಗಟ್ಟಲೆ ಹೆಚ್ಚಬೇಕು. ಅವನ್ನೇ ನಂಬಿ ಬದುಕುವ ಮ್ಯಾಂಡರಿನ್ ಮೀನನ್ನು ಅವಸರಪಟ್ಟು ಬಿಟ್ಟರೆ, ತಿನ್ನುವ ವೇಗ ಹುಟ್ಟುವ ವೇಗವನ್ನು ಮೀರುತ್ತೆ. ಕೋಪಿಪಾಡ್ ಖಾಲಿ, ಹಿಂದೆಯೇ ಮೀನೂ ಖಾಲಿ. ನಮಗಿದು ಗೊತ್ತಿರೋ ಲೆಕ್ಕವೇ: ಒಳಹರಿವು, ಹೊರಹರಿವು, ದಾಸ್ತಾನು.

ಗಾಸ್‌ಗೆ ಈ ಲೆಕ್ಕ ಕೈಕೊಟ್ಟಿದ್ದು ಟ್ಯಾಂಕಿನಲ್ಲಲ್ಲ, ತೀರದಲ್ಲಿ. 1854ರಲ್ಲಿ ಬಂದ ಅವನ 'ದಿ ಅಕ್ವೇರಿಯಂ' ಪುಸ್ತಕ ಓದಿದ ಜನ ಸುತ್ತಿಗೆ, ಜಾಡಿ ಹಿಡಿದು ಬಂಡೆಗಳ ಕಡೆ ಓಡಿದರು. ಸಾವಿರಾರು ವರ್ಷಗಳಿಂದ ಜೀವ ತುಂಬಿ ನಿಂತಿದ್ದ ಬಂಡೆಗುಂಡಿಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಅಪ್ಪನಿಗೆ ಇದರಿಂದ ಆದ ನೋವನ್ನು ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ.

1857ರಲ್ಲಿ ಹೆಂಡತಿ ಎಮಿಲಿ ಕ್ಯಾನ್ಸರ್‌ಗೆ ಬಲಿಯಾದಳು. ಅದೇ ವರ್ಷ ಬೈಬಲ್ಲಿನ ಸೃಷ್ಟಿಕಥೆಗೂ ಭೂವಿಜ್ಞಾನಕ್ಕೂ ಸಂಧಾನ ಮಾಡಲು ಬರೆದ 'ಒಂಫಲಾಸ್' ಪುಸ್ತಕ ನೆಲಕಚ್ಚಿತು. ಆದರೂ ಸೂಕ್ಷ್ಮದರ್ಶಕ ಬಿಡಲಿಲ್ಲ; 1888ರಲ್ಲಿ ಡೆವನ್‌ನಲ್ಲೇ ಕಣ್ಮುಚ್ಚಿದ.

ಗಾಜಿನೊಳಗೆ ಸಮತೋಲನ ಕಲಿಸಿದವನ ಪುಸ್ತಕವೇ ಹೊರಗಿನ ಸಮತೋಲನ ಕೆಡಿಸಿತು. ನಾವು ಏನನ್ನಾದರೂ ಕಟ್ಟುವಾಗ ಲೆಕ್ಕವನ್ನು ಪೆಟ್ಟಿಗೆಯ ಅಂಚಿಗೇ ನಿಲ್ಲಿಸೋದು ಬೇಡ.